ಯಾವ ಆನೆಗೆ?

ನಿನ್ನೆ ಸಂಜೆ ಒಬ್ಬಳೇ ಒಮ್ಮೆ ಮಾಡಿ ನೋಡಿದೆ.
ಬೆರಳುದ್ದದ ನಳಿಗೆ, ಒಂದು ಚಮಚ ದ್ರವ.
ಉಕ್ಕಿತು, ಅಂಚು ದಾಟಿ ಚೆಲ್ಲಿತು, ಸುಮ್ಮನಾಯಿತು.
ಮಕ್ಕಳೆದುರು ಮಾಡುವುದು ಯಾವುದೂ
ಮೊದಲ ಸಲದ್ದಾಗಿರಬಾರದು.
ಇದು ಪುಸ್ತಕ ಹೇಳಿದ್ದಲ್ಲ,
ನನ್ನ ಎಡಗೈ ಹೇಳಿದ್ದು.

ಆಗ ಮೌನ್ ಪಟ್ಟಣದ ಶಾಲೆಯಲ್ಲಿ ಹೊಸಬಳು.
ಸೆಕೆ ಎಂದು ಕೈಗವಸು ಮೇಜಿನ ಮೇಲಿಟ್ಟೆ.
ಒಂದೇ ಹನಿ. ತೋರುಬೆರಳ ತುದಿ
ಸುಣ್ಣದ ಹಾಗೆ ಬೆಳ್ಳಗಾಗಿ,
ರಾತ್ರಿಯಿಡೀ ಸೂಜಿ ಚುಚ್ಚಿದಂತೆ ಉರಿದು,
ಕೈ ಸುಟ್ಟುಕೊಳ್ಳುವುದು ಬರೀ ಮಾತಲ್ಲ ಎಂದು ತಿಳಿಯಿತು.

ಇಲ್ಲಿ ಸೆರೊಂಗಾದಲ್ಲಿ ಲ್ಯಾಬಿನ ಕಿಟಕಿಗಳು ತೆರೆಯುವುದಿಲ್ಲ.
ಅದಕ್ಕೇ ಅಂಗಳಕ್ಕೆ ಬಂದೆವು, ಮರುಲಾ ಮರದಿಂದ ಆಚೆಗೆ.
ಫುಟ್‌ಬಾಲ್ ಮೈದಾನಕ್ಕೆಂದು ಬಂದ ಸುಣ್ಣದಲ್ಲಿ
ತಿಂಬುಂಗು ಗೆರೆ ಎಳೆದ.
ಕಣ್ಣಿಗೆ ಹಾಕುವ ಕನ್ನಡಕ ಹನ್ನೊಂದು,
ಮಕ್ಕಳು ಮೂವತ್ತೆಂಟು.
ಆದ್ದರಿಂದ ಗೆರೆ ಹದಿನೈದು ಹೆಜ್ಜೆ ದೂರ,
ಗಾಳಿ ಅವರ ಬೆನ್ನಿಂದ ನನ್ನ ಕಡೆಗೆ.

ಗೆರೆ ಯಾಕೆಂದು ಯಾರೂ ಕೇಳಲಿಲ್ಲ.
ಆನೆ ನಡೆದದ್ದೇ ಹಾದಿಯಾದ ಊರು ಇದು.
ಕಿವಿ ಅಗಲಿಸಿದರೆ ಎಷ್ಟು ದೂರ,
ಮರಿ ಜೊತೆಗಿದ್ದರೆ ಎಷ್ಟು,
ನೀರಿಗೆ ಹೋಗುವ ದಾರಿಯಲ್ಲಿ
ನಡೆಯಲು ಕಲಿತ ದಿನದಿಂದ ಎಣಿಸಿದವರಿಗೆ
ನಾನು ಹೇಳುವುದೇನು ಉಳಿದಿದೆ?

‘ಇದಕ್ಕೆ ಆನೆಯ ಟೂತ್‌ಪೇಸ್ಟು ಅನ್ನುತ್ತಾರೆ’ ಎಂದೆ.
ಎಲ್ಲ ಊರಲ್ಲೂ ಈ ಮಾತಿಗೆ ನಗುತ್ತಾರೆ.
ಇವರು ನಗಲಿಲ್ಲ.
ಹಿಂದಿನ ಸಾಲಿಂದ ಒಲೆಬಿಲೆ ಕೇಳಿದ:
‘ಮ್ಮಾ, ಯಾವ ಆನೆಗೆ?’

ಯಾವ ಆನೆಗೆ.
ಮೂಲಂಗಿಯಂಥ ಈ ಸಿಲಿಂಡರು ಹಿಡಿದು
ಏನು ಹೇಳಲಿ?

ಅವನೇ ಹೇಳಿದ: ‘ಆನೆಗೆ ಆರು ಸಲ ದವಡೆ ಹಲ್ಲು ಬರುತ್ತೆ.
ಆರನೆಯದೂ ಸವೆದರೆ ಅದು ಹೊಳೆಗಿಳಿದು
ಮೆತ್ತನೆ ಜೊಂಡು ಮಾತ್ರ ತಿನ್ನುತ್ತೆ.
ಆಮೇಲೆ ಅದೂ ಆಗೋದಿಲ್ಲ. ಮಾವ ತೋರಿಸಿದ್ದಾನೆ.
ಪೇಸ್ಟು ಕೊಡೋದಿದ್ದರೆ
ಅದಕ್ಕೆ ಮುಂಚೆ ಕೊಡಬೇಕಿತ್ತು.’
ಆಗ ನಕ್ಕರು. ನಾನೂ.

ಕನ್ನಡಕ, ಗವಸು, ಏಪ್ರನ್ನು.
ಅಗಲ ತಟ್ಟೆಯ ನಡುವೆ ಸಿಲಿಂಡರು.
ಔಷಧದಂಗಡಿಯ ಮೂರರ ಪೆರಾಕ್ಸೈಡಲ್ಲ, ಮೂವತ್ತರದು.
ನೀರಿನ ಹಾಗೆ ಕಾಣುತ್ತದೆ,
ಅದೇ ಅದರ ಕಪಟ.
ಮೇಲೆ ಪಾತ್ರೆ ತೊಳೆವ ಸಾಬೂನು,
ಒಳಗೋಡೆಗೆ ಎರಡು ಕೆಂಪು ಗೀರು.
ಪಕ್ಕದಲ್ಲಿ ತುಂಬಿದ ಎರಡು ಬಕೆಟ್ಟು, ಅದನ್ನು ಕಾಯುವ ತಿಂಬುಂಗು.

ತೋಳು ನೀಡಿ, ಮುಖ ಅತ್ತ ಸರಿಸಿ
ಅಯೋಡೈಡು ಸುರಿದೆ. ಹಿಂದೆ ಸರಿದೆ.
ಒಂದು ಉಸಿರು.

ಆಮೇಲೆ ಅದು ಎದ್ದಿತು,
ಯಾರೋ ಕೆಳಗಿಂದ ನೂಕಿದ ಹಾಗೆ,
ಕೆಂಪು ಗೀರಿನ, ಕಂದು ಹಳದಿಯ, ಹಬೆಯಾಡುವ ನೊರೆ,
ಮೊಳದುದ್ದ ನೆಟ್ಟಗೆ ನಿಂತು
ಬಾಗಿ, ಸುತ್ತಿಕೊಂಡು, ತಟ್ಟೆಗೆ ಧೊಪ್ಪೆಂದಿತು.
‘ಸೊಂಡಿಲು!’ ಎಂದಳು ಬೊಯಿಟ್ಶೆಪೊ.
ಅದೇ ಕ್ಷಣ ಪಕ್ಕದವನ ಕಾಲು ಗೆರೆ ದಾಟಿತು;
ಅಂಗಿಯ ಕಾಲರು ಹಿಡಿದು ಎಳೆದವಳೂ ಅವಳೇ:
‘ಬಿಸಿ ಇರುತ್ತೆ, ಕತ್ತೆ!’

ಕೆಂಡದ ತುದಿಯ ಕಡ್ಡಿಯೊಂದನ್ನು ನೊರೆಗೆ ಚುಚ್ಚಿದೆ.
ಮತ್ತೆ ಹೊತ್ತಿಕೊಂಡಿತು. ಒಳಗಿರುವುದು
ನೀವೀಗ ಮರೆತು ಹಿಡಿದಿರುವ ಉಸಿರೇ, ಎಂದೆ.
ಮೂವತ್ತೆಂಟು ಬಾಯಿ ಒಟ್ಟಿಗೇ ಉಸಿರು ಬಿಟ್ಟವು.

ಆಮೇಲೆ ಅವರ ಸರದಿ: ಮೂರರದು, ಈಸ್ಟು, ಬೆಚ್ಚನೆ ನೀರು.
ಕನ್ನಡಕ ಹನ್ನೊಂದಾದ್ದರಿಂದ ಹನ್ನೊಂದು ಹನ್ನೊಂದು ಮಂದಿ.
ಒಲೆಬಿಲೆಯದು ಕೊನೆಯ ಗುಂಪು.
ಬಾಟಲಿಯ ಬಾಯಿಂದ ಸೋಮಾರಿ ನೊರೆ ಇಣುಕಿದಾಗ
‘ಇದು ಮುದಿ ಆನೆಗೆ, ಮೆತ್ತಗಿದೆ’ ಅಂದ.

ಎಲ್ಲ ನೀರಲ್ಲಿ ತೊಳೆದು, ಮತ್ತೆ ತೊಳೆದು,
ಕಪಾಟಿಗೆ ಬೀಗ ಹಾಕಿ ಎಳೆದು ನೋಡಿದೆ.
ಗೇಟಿನವರೆಗೆ ಹೋಗಿ, ವಾಪಸು ಬಂದು
ಇನ್ನೊಮ್ಮೆ ಎಳೆದೆ.
ತಿಂಬುಂಗು ನಗುತ್ತಾನೆ. ನಗಲಿ.